ಕೂತವರ ಅಳತೆ

ನಮ್ಮ ಬೀದಿಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಮಾಸ್ಟರಮ್ಮ ಎಂದು. ಪಾಠ ಹೇಳುವ ಮಾಸ್ಟರಲ್ಲ, ಬಟ್ಟೆ ಕತ್ತರಿಸುವ ಮಾಸ್ಟರು. ಇಪ್ಪತ್ತೆರಡು ವರ್ಷ ಒಂದು ಗಾರ್ಮೆಂಟ್ಸ್ ಕಾರ್ಖಾನೆಯ ಪ್ಯಾಟರ್ನ್ ವಿಭಾಗದಲ್ಲಿದ್ದವರು. ಒಂದು ಅಂಗಿ ಹತ್ತು ಸಾವಿರ ಅಂಗಿಯಾಗುವ ಮೊದಲು ಅದರ ತೋಳು, ಬೆನ್ನು, ಕಾಲರುಗಳನ್ನು ಯಾರಾದರೊಬ್ಬರು ಕಾಗದದ ಮೇಲೆ ಬರೆದು ಕತ್ತರಿಸಬೇಕಲ್ಲ, ಆ ಯಾರಾದರೊಬ್ಬರು ಇವರು. ಕೊನೆಯ ಆರು ವರ್ಷ ಅದನ್ನೇ ಕಂಪ್ಯೂಟರಿನಲ್ಲಿ ಮಾಡುವುದನ್ನೂ ಕಲಿತರು. ದಾರಿಯಲ್ಲಿ ಎದುರಾದರೆ ನಮ್ಮ ಮುಖಕ್ಕಿಂತ ಮೊದಲು ಹೆಗಲು ನೋಡುತ್ತಾರೆ. ನನ್ನ ಎಡ ಹೆಗಲು ಬಲಕ್ಕಿಂತ ಅರ್ಧ ಇಂಚು ಇಳಿದಿದೆಯೆಂದು ನನಗೆ ಗೊತ್ತಾದದ್ದು ಹದಿನಾರು ವರ್ಷ ಜೊತೆಗೆ ಬಾಳಿದ ಹೆಂಡತಿಯಿಂದಲ್ಲ, ಇವರಿಂದ.

ನನ್ನದು ಜೆರಾಕ್ಸ್ ಅಂಗಡಿ. ಅಂಗಡಿಯ ಹಿಂದಿನ ಎರಡು ಕೋಣೆಯ ಮನೆಯಲ್ಲಿ ಮಾಸ್ಟರಮ್ಮ ಮತ್ತು ಅವರ ಅಕ್ಕ ಇರುತ್ತಾರೆ. ಅಕ್ಕನಿಗೆ ನಾಲ್ಕನೇ ವಯಸ್ಸಿನಲ್ಲಿ ಬಂದ ಜ್ವರ ಎರಡೂ ಕಾಲುಗಳ ಶಕ್ತಿಯನ್ನು ಒಯ್ದಿತು. ಗಾಲಿಕುರ್ಚಿಯಲ್ಲಿ ಕೂತೇ ಪದವಿ ಮುಗಿಸಿದರು, ಕೂತೇ ಬೀದಿಯ ಅರ್ಧ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಟ್ಟರು. ಮಾತಿನಲ್ಲಿ ಅವರನ್ನು ಮೀರಿಸುವವರಿಲ್ಲ. ಆದರೆ ಫೋಟೋ ಎಂದರೆ ಮಾತ್ರ ಮುಖ ತಿರುಗಿಸಿಬಿಡುತ್ತಿದ್ದರು. ಅವರ ಪದವಿ ಪತ್ರದ ಮೇಲೆ ಅಂಟಿಸಿದ ಚಿತ್ರ ಬಿಟ್ಟರೆ ಆ ಮನೆಯಲ್ಲಿ ಅವರದೊಂದು ಪಟ ಇರಲಿಲ್ಲ.

ಕಾರ್ಖಾನೆಗೆ ಕೆಲಸ ಕೊಡುವ ದೊಡ್ಡ ಕಂಪನಿಗಳು ತಮ್ಮ ಪ್ಯಾಟರ್ನ್‌ಗಳನ್ನು ತಾವೇ ಕಳಿಸತೊಡಗಿದಾಗ ಇಲ್ಲಿಯ ವಿಭಾಗಕ್ಕೆ ಬೀಗ ಬಿತ್ತು. ಮಾಸ್ಟರಮ್ಮನಿಗೆ ಆಗ ನಲವತ್ತಾರು. ಕಂಡಕಂಡವರೆಲ್ಲ ಹೊಲಿಗೆ ಅಂಗಡಿ ಇಡಲು ಬುದ್ಧಿ ಹೇಳಿದರು. ನಾನೂ ಹೇಳಿದೆ.

"ನಾನು ಹೊಲಿಯೋಳಲ್ಲಪ್ಪ, ಹೊಲಿಯೋಕ್ಕೆ ಮುಂಚೆ ಯೋಚನೆ ಮಾಡೋಳು" ಎಂದರು. "ಆ ಕೆಲಸ ಬೇಕಾದವರು ಪ್ರಪಂಚದಲ್ಲಿ ಎಲ್ಲೋ ಇರ್ತಾರೆ. ಹುಡುಕ್ತೀನಿ."

ಹುಡುಕುವ ಜಾಗ ಅಂತರ್ಜಾಲವೇ ಆಯಿತು. ಕೆಲಸ ಕೊಡುವವರನ್ನೂ ಮಾಡುವವರನ್ನೂ ಗಂಟು ಹಾಕುವ ಒಂದು ತಾಣದಲ್ಲಿ ಹೆಸರು ನೋಂದಾಯಿಸಲು ಕೂತರು. ಮೊದಲು ಎಡವಿದ್ದು ಹೆಸರಿನಲ್ಲೇ. ಮಾಸ್ಟರಮ್ಮನಿಗೆ ಇರುವುದು ಒಂದೇ ಹೆಸರು. ತಾಣಕ್ಕೆ ಎರಡು ಬೇಕು. ಎರಡನೆಯ ಖಾನೆ ಖಾಲಿ ಬಿಟ್ಟರೆ ಪುಟ ಮುಂದೆ ಹೋಗುವುದಿಲ್ಲ. ಬೇರೆ ದಾರಿ ಕಾಣದೆ ಅದೇ ಹೆಸರನ್ನು ಎರಡು ಸಲ ಬರೆದರು. ಗುರುತಿನ ಚೀಟಿಯಲ್ಲಿ ಒಂದೇ ಸಲ ಇದೆಯಲ್ಲ, ವ್ಯಕ್ತಿ ಅನುಮಾನಾಸ್ಪದ ಎಂದು ಖಾತೆ ಮುಚ್ಚಿಹೋಯಿತು. "ಒಂದು ಹೆಸರು ಸಾಲಲ್ಲ ಅಂದ್ರೆ ನಂದೂ ಸೇರಿಸ್ಕೋ, ಬಾಡಿಗೆ ಬೇಡ" ಎಂದರು ಅಕ್ಕ. ವಿಳಾಸದ್ದು ಇನ್ನೊಂದು ಫಜೀತಿ. ನಮ್ಮ ಬೀದಿಗೆ ಹೆಸರಿಲ್ಲ, ಮನೆಗೆ ನಂಬರಿಲ್ಲ. ಟಪಾಲಿನವನಿಗೆ 'ನೀರಿನ ಟ್ಯಾಂಕ್ ಎದುರು' ಅಂದರೆ ಸಾಕು, ಕಂಪ್ಯೂಟರಿಗೆ ಸಾಲದು. ಕೊನೆಗೆ ಬ್ಯಾಂಕಿನ ಮ್ಯಾನೇಜರರಿಂದ ಕಾಗದ ಬರೆಸಿ, ನನ್ನ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿ, ಐದು ಸಲ ಕಳಿಸಿದ ಮೇಲೆ, ಮಾಸ್ಟರಮ್ಮ ನಿಜವಾಗಿ ಇದ್ದಾರೆಂದು ಆ ತಾಣ ಒಪ್ಪಿಕೊಂಡಿತು.

ಇದ್ದಾರೆಂದು ಒಪ್ಪಿದ ಮಾತ್ರಕ್ಕೆ ಕೆಲಸ ಬರುತ್ತದೆಯೇ? ಒಂದೊಂದು ಕೆಲಸಕ್ಕೂ ನೂರಿನ್ನೂರು ಅರ್ಜಿ. ಹಿಂದೆ ಕೆಲಸ ಕೊಟ್ಟವರ ನಾಲ್ಕು ಒಳ್ಳೆಯ ಮಾತು ನಮ್ಮ ಹೆಸರಿನ ಕೆಳಗಿದ್ದರೆ ಮಾತ್ರ ಹೊಸಬರು ಕಣ್ಣೆತ್ತಿ ನೋಡುತ್ತಾರೆ. ಕೆಲಸವೇ ಸಿಗದೆ ಒಳ್ಳೆಯ ಮಾತು ಎಲ್ಲಿಂದ ಬರಬೇಕು? ಕೆಲವರು ಜಾಹೀರಾತಿನಲ್ಲೇ ಇಂತಿಂಥ ದೇಶದವರು ಅರ್ಜಿ ಹಾಕಬೇಡಿ ಎಂದು ಬರೆದುಬಿಡುತ್ತಿದ್ದರು. ಆ ಪಟ್ಟಿಯಲ್ಲಿ ನಮ್ಮದು ತಪ್ಪುತ್ತಿರಲಿಲ್ಲ. ಮಾಸ್ಟರಮ್ಮ ದರವನ್ನು ಅರ್ಧಕ್ಕೆ ಇಳಿಸಿ ನೋಡಿದರು. ಅರ್ಜಿಗಳು ಮೊದಲಿನಂತೆಯೇ ಕಲ್ಲಿನ ಮೇಲೆ ನೀರು ಹೊಯ್ದಂತೆ ಹರಿದುಹೋದವು. ಎರಡು ವಾರಕ್ಕೆ ದರ ಮತ್ತೆ ಮೇಲೇರಿಸಿದರು. ಅಗ್ಗಕ್ಕೆ ಇಟ್ಟರೆ ಕೆಲಸವೂ ಅಗ್ಗದ್ದೇ ಎಂದುಕೊಳ್ಳುತ್ತಾರೆ, ನಾನಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದೆ ಎಂಬುದು ಅವರ ಲೆಕ್ಕ.

ಮೂರನೆಯ ತಿಂಗಳಲ್ಲಿ ಒಬ್ಬ ಸಿಕ್ಕಿದ. ಮೊದಲು ಪರೀಕ್ಷೆಗೆಂದು ಒಂದು ಕೋಟಿನ ಪ್ಯಾಟರ್ನ್ ಮಾಡಿಕೊಡಿ, ಹಿಡಿಸಿದರೆ ಇಪ್ಪತ್ತು ಕೆಲಸ ಕೊಡುತ್ತೇನೆ ಎಂದ. ನಾಲ್ಕು ದಿನ ಕೂತು ಮಾಡಿಕೊಟ್ಟರು. ಆಸಾಮಿ ನಾಪತ್ತೆ. ತಿಂಗಳ ನಂತರ ಅದೇ ಕೋಟು ಇನ್ನೊಂದು ತಾಣದಲ್ಲಿ ಬೇರೆ ಹೆಸರಿನಲ್ಲಿ ಮಾರಾಟಕ್ಕಿರುವುದನ್ನು ಅಕ್ಕ ಪತ್ತೆ ಹಚ್ಚಿದರು. ನನ್ನ ಅಂಗಡಿಗೆ ಬಂದು ಪರದೆಯ ಮೇಲೆ ತೋರಿಸಿದ ಮಾಸ್ಟರಮ್ಮ ಅಳಲಿಲ್ಲ, ಬೈಯಲಿಲ್ಲ. ಚಿತ್ರವನ್ನು ದೊಡ್ಡದು ಮಾಡಿ ಕಾಲರಿನ ಬಳಿ ಬೆರಳಿಟ್ಟು, ಹೊಲಿದವರು ತಪ್ಪು ಹೊಲಿದಿದ್ದಾರೆ ಎಂದರು. ಪರೀಕ್ಷೆಯ ಕೆಲಸವನ್ನು ಪುಕ್ಕಟೆ ಮಾಡುವುದನ್ನು ಆವತ್ತೇ ನಿಲ್ಲಿಸಿದರು.

ಅರ್ಜಿಗಳನ್ನು ಬರೆಯುತ್ತಿದ್ದವರು ಅಕ್ಕ. ಇಂಗ್ಲಿಷು ಅವರ ಕೈಯಲ್ಲಿ ಇಸ್ತ್ರಿ ಹಾಕಿದಂತೆ ಬರುತ್ತಿತ್ತು. ಮಾನ್ಯರೇ, ತಮ್ಮ ಅಮೂಲ್ಯ ಸಮಯ, ತಮ್ಮ ಸೇವೆಯ ಭಾಗ್ಯ ಎಂದೆಲ್ಲ ಒಂದು ಪುಟ. ಒಂದು ಮಧ್ಯಾಹ್ನ ಮಾಸ್ಟರಮ್ಮ ಅದನ್ನು ಪೂರ್ತಿ ಕನ್ನಡದಲ್ಲಿ ಹೇಳಿಸಿಕೊಂಡರು. ಕೇಳಿ ಮುಗಿಸಿ, "ಅಕ್ಕಾ, ಅತಿ ವಿನಯಂ ಧೂರ್ತ ಲಕ್ಷಣಂ ಅಂತಾರಲ್ಲ. ಇಷ್ಟು ಬಗ್ಗಿದೋರನ್ನ ನೋಡಿದ್ರೆ ನಾನೂ ಪರ್ಸು ಮುಟ್ಟಿ ನೋಡ್ಕೋತೀನಿ" ಎಂದರು. ಅಕ್ಕನಿಗೆ ಸಿಟ್ಟು ಬಂತು. ಒಂದು ದಿನ ಮಾತಿಲ್ಲ, ಕತೆಯಿಲ್ಲ.

ಮರುದಿನ ಆ ಜಾಹೀರಾತು ಕಣ್ಣಿಗೆ ಬಿತ್ತು. ದೂರದ ಚಳಿ ದೇಶವೊಂದರ ಶಾಲೆಯ ಮುಖ್ಯೋಪಾಧ್ಯಾಯಿನಿ. ಅಪಘಾತದ ನಂತರ ಎಂಟು ವರ್ಷಗಳಿಂದ ಗಾಲಿಕುರ್ಚಿಯಲ್ಲಿದ್ದವರು. ಒಂದು ಪ್ಯಾಂಟು, ಒಂದು ಕೋಟು ಬೇಕಿತ್ತು. ಈಗಾಗಲೇ ಮೂವರು ಪ್ಯಾಟರ್ನ್ ಮಾಡಿ ಸೋತಿದ್ದರು. ನಾಲ್ಕನೆಯವರೂ ಹತ್ತಿರದವರೇ ಆಗಿರಲಿ, ದೂರದ ದೇಶದವರು ದಯವಿಟ್ಟು ಬೇಡ ಎಂದು ಕೊನೆಯ ಸಾಲಿನಲ್ಲಿ ಬರೆದಿದ್ದರು. ಅವರು ಹಾಕಿದ್ದ ಅಳತೆಗಳನ್ನು ಮಾಸ್ಟರಮ್ಮ ಎರಡು ಸಲ ನೋಡಿ ನಕ್ಕರಂತೆ. ಮಾತು ಬಿಟ್ಟಿದ್ದ ಅಕ್ಕನಿಗೆ ಒಂದೇ ಸಾಲು ಬರೆಯಲು ಹೇಳಿದರು, ನಮಸ್ಕಾರವೂ ಬೇಡ ಎಂದರು. ಆ ಸಾಲು ಇಷ್ಟೇ: ಈ ಅಳತೆಗಳನ್ನು ಮಲಗಿಸಿ ತೆಗೆದರೋ, ಕೂರಿಸಿ ತೆಗೆದರೋ?

ಅರ್ಧ ಗಂಟೆಯಲ್ಲಿ ಉತ್ತರ ಬಂತು. ಮಲಗಿಸಿ. ಮೂವರೂ ಹಾಗೆಯೇ ತೆಗೆದಿದ್ದರು. ಏಕೆ, ಅದರಿಂದ ವ್ಯತ್ಯಾಸವೇನು ಎಂದು ಆಕೆ ವಿಚಾರಿಸಿದ್ದರು.

ಮಲಗಿದಾಗ ಮೈ ಉದ್ದಕ್ಕೆ ಚಾಚಿಕೊಳ್ಳುತ್ತದೆ. ಕೂತಾಗ ಮುಂದೆ ಮಡಚುತ್ತದೆ, ಹಿಂದೆ ಹಿಗ್ಗುತ್ತದೆ. ಮಲಗಿಸಿ ತೆಗೆದ ಅಳತೆಯ ಪ್ಯಾಂಟು ಕೂತವರಿಗೆ ಹೊಟ್ಟೆಯ ಬಳಿ ಮುದ್ದೆಯಾಗುತ್ತದೆ, ಬೆನ್ನ ಹಿಂದೆ ಜಾರುತ್ತದೆ, ಪಾದದ ಬಳಿ ಮೋಟಾಗುತ್ತದೆ. ಸೀಟಿನ ಕೆಳಗೆ ದಪ್ಪ ಹೊಲಿಗೆ ಬಂದರೆ ದಿನವಿಡೀ ಕೂತವರ ಚರ್ಮ ಹುಣ್ಣಾಗುತ್ತದೆ. ಮಾಸ್ಟರಮ್ಮ ಇದನ್ನು ಕಲಿತದ್ದು ಕಾರ್ಖಾನೆಯಲ್ಲಲ್ಲ. ಹದಿನಾಲ್ಕನೇ ವಯಸ್ಸಿನಿಂದ ಅಕ್ಕನ ಬಟ್ಟೆಗಳನ್ನು ಕತ್ತರಿಸುತ್ತ, ಹಾಳು ಮಾಡುತ್ತ, ಬೈಸಿಕೊಳ್ಳುತ್ತ ಕಲಿತದ್ದು.

ಒಂದು ಮಧ್ಯಾಹ್ನ ಮೂರು ಗಂಟೆಗೆ ವಿಡಿಯೋದಲ್ಲಿ ಮಾತಾಡುವುದೆಂದು ನಿಶ್ಚಯವಾಯಿತು. ಕರೆಂಟು ನಂಬುವಂತಿರಲಿಲ್ಲವಾದ್ದರಿಂದ ನನ್ನ ಅಂಗಡಿಯ ಇನ್ವರ್ಟರಿನಿಂದ ಒಂದು ವೈರು ಎಳೆದುಕೊಟ್ಟು ನಾನು ಬಾಗಿಲ ಬಳಿ ನಿಂತೆ. ಮಾಸ್ಟರಮ್ಮ ಕ್ಯಾಮೆರಾದ ಮುಂದೆ, ಅಕ್ಕ ಅದರ ಕಣ್ಣಿಗೆ ಬೀಳದಂತೆ ಪಕ್ಕದಲ್ಲಿ ಕೂತು ಮಾತು ದಾಟಿಸುತ್ತಿದ್ದರು. ಮುಖ್ಯೋಪಾಧ್ಯಾಯಿನಿ ಒರಟಾಗೇನೂ ಇರಲಿಲ್ಲ, ಸೋತಿದ್ದರು ಅಷ್ಟೆ. ನನ್ನನ್ನು ಮುಟ್ಟಿ ನೋಡಿದ ದರ್ಜಿಗಳಿಗೇ ಆಗದ್ದು, ಸಾವಿರಾರು ಮೈಲಿ ದೂರದ ನಿಮಗೆ ಹೇಗೆ ಆದೀತು, ನನ್ನ ಮೈಯೇ ಸರಿಯಿಲ್ಲ ಎಂದು ಅವರೆಲ್ಲ ಹೇಳಿದರು ಎಂದರು. ಅಕ್ಕ ಇದನ್ನು ಕನ್ನಡಕ್ಕೆ ತಂದರು. ತಂದವರು ಅಲ್ಲಿಗೆ ನಿಲ್ಲಿಸದೆ, "ಕುಣಿಯೋಕೆ ಬಾರದವಳಿಗೆ ನೆಲ ಡೊಂಕು. ಆ ದರ್ಜಿಗಳಿಗೆ ಮೈ ಡೊಂಕು" ಎಂದು ಸೇರಿಸಿದರು.

ಮಾಸ್ಟರಮ್ಮ ಉತ್ತರ ಹೇಳುವ ಮೊದಲೇ ಅಕ್ಕ ಎರಡೂ ಕೈಯಿಂದ ಗಾಲಿ ತಳ್ಳಿಕೊಂಡು ಕ್ಯಾಮೆರಾದ ಮುಂದೆ ಬಂದುಬಿಟ್ಟರು. ತಂಗಿ ತಡೆಯುವಷ್ಟರಲ್ಲಿ ಪರದೆಯ ತುಂಬ ಅವರೇ. ಕಂದು ಬಣ್ಣದ ಪ್ಯಾಂಟು, ಮೇಲೊಂದು ಗಿಡ್ಡ ಕೋಟು. ಇಂಗ್ಲಿಷಿನಲ್ಲಿ ಅವರು ಹೇಳಿದ್ದು ನನಗೆ ಅರ್ಥವಾದಷ್ಟು ಇಷ್ಟು: ಇದು ನನ್ನ ತಂಗಿ ಕತ್ತರಿಸಿದ್ದು, ಬೆಳಿಗ್ಗೆ ಏಳರಿಂದ ಇದರಲ್ಲೇ ಕೂತಿದ್ದೇನೆ, ಎಲ್ಲಾದರೂ ಸುಕ್ಕು ಕಂಡರೆ ಹೇಳಿ.

ಮುಖ್ಯೋಪಾಧ್ಯಾಯಿನಿ ಪರದೆಯ ಹತ್ತಿರಕ್ಕೆ ಬಾಗಿದರು. ಆಮೇಲೆ ಆಕೆ ಪಕ್ಕಕ್ಕೆ ತಿರುಗಲು ಹೇಳಿದರು. ಅಕ್ಕ ತಿರುಗಿದರು. ಬೆನ್ನು ತೋರಿಸಲು ಹೇಳಿದರು. ತೋರಿಸಿದರು. ಗಾಲಿ ತಳ್ಳುವಾಗ ತೋಳು ಹಿಡಿಯುವುದಿಲ್ಲವೇ ಎಂದು ಕೇಳಿದರು. ಅಕ್ಕ ಕೋಣೆಯ ಆ ತುದಿಯಿಂದ ಈ ತುದಿಯವರೆಗೆ ತಳ್ಳಿಕೊಂಡು ಹೋಗಿ ಬಂದರು. ಆಮೇಲೆ ಇಬ್ಬರೂ ನಮ್ಮನ್ನು ಮರೆತು ಮಾತಿಗೆ ಕೂತರು. ಇಳಿಜಾರು, ಬಸ್ಸು, ನೆಂಟರ ಮರುಕ, ಎಲ್ಲ ಬಂತು. ಮಾಸ್ಟರಮ್ಮ ಟೇಪು ಕೊರಳಿಗೆ ಹಾಕಿಕೊಂಡು ಗೋಡೆಗೊರಗಿ ಅಕ್ಕನನ್ನೇ ನೋಡುತ್ತಿದ್ದರು. ಅಕ್ಕ ಕ್ಯಾಮೆರಾದ ಮುಂದೆ ನಗುವುದನ್ನು ಆ ತಂಗಿ ಅದುವರೆಗೆ ಕಂಡಿರಲಿಲ್ಲ.

ಕೆಲಸವೇನೋ ಸಿಕ್ಕಿತು. ಆದರೆ ಮೊದಲ ಸಲಕ್ಕೇ ಸರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಆಕೆಯ ಊರಿನ ದರ್ಜಿ ಹಳೆಯ ಬಟ್ಟೆಯಲ್ಲಿ ಹೊಲಿದು ನೋಡಿದಾಗ ಎಡ ಮೊಣಕಾಲಿನ ಮೇಲೆ ಬಟ್ಟೆ ಬಿಗಿಯಾಯಿತು. ಮಾಸ್ಟರಮ್ಮ ಗಾಬರಿಯಾಗಲಿಲ್ಲ. ಆಕೆ ಎಡಕ್ಕೆ ವಾಲಿ ಕೂರುವ ರೂಢಿಯವರೇ ಎಂದು ಕೇಳಿಸಿದರು, ಹೌದೆಂದು ಬಂತು, ಎಡಗಾಲನ್ನು ಬೇರೆಯಾಗಿಯೇ ಬರೆದರು. ಎರಡನೆಯ ಸಲ ಬಟ್ಟೆ ಮೈಗೆ ಹೇಳಿ ಮಾಡಿಸಿದಂತೆ ಕೂತಿತು. ಮಾಸ್ಟರಮ್ಮನ ಹೆಸರಿನ ಕೆಳಗೆ ಆಕೆ ಬರೆದ ಮೊದಲ ಒಳ್ಳೆಯ ಮಾತು ಹನ್ನೊಂದು ಸಾಲಿತ್ತು. ದೂರದ ದೇಶದವರು ಬೇಡ ಎಂದು ಬರೆದಿದ್ದೆ, ಹಾಗೆ ಬರೆದದ್ದು ನನ್ನ ತಪ್ಪು ಎಂಬುದೂ ಅದರಲ್ಲಿತ್ತು.

ಆಮೇಲೆ ಬಾಗಿಲು ತೆರೆಯಿತು ಎನ್ನುವುದಕ್ಕಿಂತ ಸಂದು ಬಿಟ್ಟಿತು ಎನ್ನಬೇಕು. ತಿಂಗಳಿಗೆ ಒಂದು, ನಂತರ ಎರಡು, ವರ್ಷ ಕಳೆಯುವಷ್ಟರಲ್ಲಿ ವಾರಕ್ಕೆ ಎರಡು ಮೂರು. ಎಲ್ಲ ಕೂತವರು, ಒಂದು ಕೈ ಇಲ್ಲದವರು, ಬೆನ್ನು ಬಾಗಿದವರು. ಸಿದ್ಧ ಉಡುಪಿನ ಅಂಗಡಿಗಳು ಲೆಕ್ಕಕ್ಕೇ ತೆಗೆದುಕೊಳ್ಳದವರು. ಅರ್ಜಿ ಹಾಕುವುದನ್ನು ಮಾಸ್ಟರಮ್ಮ ಬಿಟ್ಟೇಬಿಟ್ಟರು; ಜನ ತಾವಾಗಿ ಹುಡುಕಿಕೊಂಡು ಬರತೊಡಗಿದರು. ತಾಣದಲ್ಲಿ ಅವರ ಪುಟ ತೆರೆದರೆ ಈಗ ಮೊದಲು ಕಾಣುವುದು ಅಕ್ಕನ ಚಿತ್ರ, ಮುಂದಿನಿಂದ, ಪಕ್ಕದಿಂದ, ಬೆನ್ನಿನಿಂದ. ತೆಗೆದವನು ನಾನು. ಮೂಗು ದಪ್ಪ ಕಾಣುತ್ತದೆಂದು ಆರು ಸಲ ಮತ್ತೆ ತೆಗೆಸಿದರು.

ಚೌಕಾಸಿಯವರೂ ಬಾರದೆ ಇಲ್ಲ. ಒಬ್ಬ, ನಿಮ್ಮ ದೇಶದಲ್ಲಿ ಬದುಕು ಅಗ್ಗವಂತೆ, ಇಷ್ಟೊಂದು ದರ ಯಾಕೆ ಎಂದು ಬರೆದ. ಉತ್ತರವನ್ನು ನಯವಾಗಿ ಬರೆಯಲು ಹೊರಟ ಅಕ್ಕನನ್ನು ತಂಗಿ ತಡೆದರು. "ಇಂಚು ನಿಮ್ಮೂರಲ್ಲೂ ಅಷ್ಟೇ, ನಮ್ಮೂರಲ್ಲೂ ಅಷ್ಟೇ ಅಂತ ಬರಿ" ಎಂದರು. ಆ ಮನುಷ್ಯ ಮತ್ತೆ ಬರಲಿಲ್ಲ. ಮಾಸ್ಟರಮ್ಮ ಕಾಯಲೂ ಇಲ್ಲ. ಕಾರ್ಖಾನೆಯಲ್ಲಿ ಜೊತೆಗಿದ್ದ ಇಬ್ಬರು ಹೆಂಗಸರನ್ನು ಕರೆದು ಪಕ್ಕದ ಖಾಲಿ ಗೋದಾಮಿನಲ್ಲಿ ಕೂರಿಸಿದ್ದಾರೆ. ಅವರಿಗೆ ಮೊದಲ ಪಾಠವೆಂದು ಒಂದು ಇಡೀ ದಿನ ಕುರ್ಚಿ ಬಿಟ್ಟು ಏಳಬಾರದೆಂದು ಕಟ್ಟಪ್ಪಣೆ ಮಾಡಿದರು. ಸಂಜೆಯ ಹೊತ್ತಿಗೆ ಇಬ್ಬರೂ ಸೊಂಟ ಹಿಡಿದುಕೊಂಡು, ಬಟ್ಟೆ ಎಲ್ಲೆಲ್ಲಿ ಒತ್ತುತ್ತದೆಂದು ಯಾರೂ ಹೇಳದೆಯೇ ಕಲಿತಿದ್ದರು.

ಕಳೆದ ವಾರ ಒಬ್ಬ ತಂದೆಯ ಪತ್ರ ಬಂದಿದೆ. ಮಗಳಿಗೆ ಏಳು ವರ್ಷ, ಗಾಲಿಕುರ್ಚಿಗೆ ಹೊಸಬಳು, ಬೆಳೆಯುವ ಮೈ, ಚಳಿಗೆ ಕೋಟು ಬೇಕು. ಬಣ್ಣ ಯಾವುದಿರಲಿ ಎಂದು ಅಪ್ಪನನ್ನಲ್ಲ, ಹುಡುಗಿಯನ್ನೇ ಕೇಳಿ ಎಂದು ಅಕ್ಕ ಬರೆದರು. ಹಳದಿ ಎಂದು ಬಂತು, ಜೇಬು ನಾಲ್ಕು ಬೇಕೆಂದೂ ಬಂತು. ಎರಡೇ ಸಾಕಲ್ಲವೇ ಎಂದು ಸಹಾಯಕಿಯೊಬ್ಬಳು ಕೇಳಿದ್ದಕ್ಕೆ ಮಾಸ್ಟರಮ್ಮ ತಲೆ ಎತ್ತದೆ ನಾಲ್ಕನೆಯ ಜೇಬಿಗೆ ಗೆರೆ ಎಳೆದರು.