ಬಡವರು, ನನಗೆ ಗೊತ್ತಿರುವವರು

ಕಾನ್ವೆಂಟಿನಲ್ಲಿ ಕಲಿತ ಪ್ರಾರ್ಥನೆಯ ಒಂದು ಸಾಲನ್ನು ನಾನು ಈಗಲೂ ಬಾಯಿಬಿಟ್ಟು ಹೇಳುವುದಿಲ್ಲ. ನಮಗೆ ಕೇಡು ಮಾಡಿದವರನ್ನು ಕ್ಷಮಿಸುವ ಸಾಲು ಅದು. ಹಿಂದೂ ಹುಡುಗಿಯರು ಸುಮ್ಮನೆ ಕೈಮುಗಿದು ನಿಂತರೆ ಸಾಕು ಎಂದು ಮದರ್ ಹೇಳಿದ್ದರೂ ನಾನು ಇಡೀ ಪ್ರೇಯರ್ ಬೈಹಾರ್ಟ್ ಮಾಡಿದ್ದೆ. ಈ ವಯಸ್ಸಿನಲ್ಲೂ ಬಸ್ಸಿಗೆ ಕಾಯುವಾಗ, ಸೊಪ್ಪು ಸೋಸುವಾಗ ಅದು ತಾನಾಗಿ ನಾಲಗೆಗೆ ಬರುತ್ತದೆ. ಆ ಸಾಲು ಬಂದಾಗ ದೊಡ್ಡಪ್ಪನ ಮುಖವೂ ಬರುತ್ತದೆ. ತುಟಿ ಮುಚ್ಚಿಕೊಂಡು ಮುಂದಿನ ಸಾಲಿಗೆ ಹೋಗುತ್ತೇನೆ.

ಅರವತ್ತರ ದಶಕದ ನಡುವಿನ ಮಾತು. ಶರಾವತಿಗೆ ಅಡ್ಡ ಕಟ್ಟಿದ ಅಣೆಕಟ್ಟಿನ ನೀರು ಸಾಗರ, ಹೊಸನಗರ ಎರಡೂ ತಾಲ್ಲೂಕಿನ ತಗ್ಗಿನ ಊರುಗಳಿಗೆ ಏರಿ ನಿಂತಿತ್ತು. ಜಮೀನು ಇದ್ದವರಿಗೆ ಬೇರೆ ಕಡೆ ಏನೋ ಒಂದು ನೆಲೆ ಸಿಕ್ಕಿತು. ಬೇರೆಯವರ ಗದ್ದೆಯಲ್ಲಿ ದುಡಿಯುತ್ತಿದ್ದವರು ಮಾತ್ರ ಪಾತ್ರೆ, ಕೋಳಿ, ಮಕ್ಕಳನ್ನು ಹೊತ್ತುಕೊಂಡು ಗುಡ್ಡ ಹತ್ತಿದರು. ಅವರಲ್ಲಿ ಒಂದಷ್ಟು ಜನ ಹೊಸನಗರದ ಕಡೆ ದೊಡ್ಡಪ್ಪನ ಜಮೀನಿನ ಅಂಚಿಗೆ ಗುಡಿಸಲು ಹಾಕಿಕೊಂಡಿದ್ದರು. ಚಳಿಜ್ವರ, ಕಜ್ಜಿ, ಬಿಡದ ಕೆಮ್ಮು ಅವರ ಜೊತೆಗೇ ಬಂದಿದ್ದವು.

ನಮ್ಮ ಮನೆ ಸಾಗರ ಪೇಟೆಯಲ್ಲಿತ್ತು. ಅಪ್ಪ ಹೈಸ್ಕೂಲು ಮೇಷ್ಟ್ರು. ನಾನು ಓದು ಮುಗಿಸಿ, ಮದುವೆಗೆ ಕಾಯುತ್ತಾ ಕ್ರೋಶಾ ಹಾಕುತ್ತಿದ್ದ ದಿನಗಳವು. ಊರಿನ ಒಂದು ಸಣ್ಣ ಧರ್ಮಾಸ್ಪತ್ರೆಯವರು ಔಷಧಿಯ ವ್ಯಾನ್ ಹೊರಡಿಸಿದರು. ಬುಧವಾರ, ಶನಿವಾರ ದೊಡ್ಡಪ್ಪನ ಕಣದಲ್ಲಿ ಅದು ನಿಲ್ಲುತ್ತಿತ್ತು. ಶುಕ್ರವಾರ ತೀರ್ಥಹಳ್ಳಿ ದಾಟಿ ಮೇಳಿಗೆಗೆ ಹೋಗುತ್ತಿತ್ತು. ವ್ಯಾನಿನ ಸಿಸ್ಟರ್ ಕೇರಳದವರು, ಅವರ ಕನ್ನಡ ಎಂಟ್ಹತ್ತು ಮಾತಿಗೆ ಮುಗಿಯುತ್ತಿತ್ತು. ಅವರ ಇಂಗ್ಲಿಷನ್ನು ಜನರಿಗೆ, ಜನರ ಮಾತನ್ನು ಅವರಿಗೆ ದಾಟಿಸಲು ನನ್ನನ್ನು ಕರೆದರು. ರೋಗಿಗಳ ಹಳದಿ ಕಾರ್ಡ್ ಬರೆಯುವ ಕೆಲಸವೂ ನನ್ನದೇ. ನನ್ನ ಹ್ಯಾಂಡ್‌ರೈಟಿಂಗ್ ಬಗ್ಗೆ ನನಗೆ ಆಗ ತುಂಬಾ ಜಂಬವಿತ್ತು.

ಔಷಧಿ ಬಡವರಿಗೆ ಮಾತ್ರ ಎಂಬುದು ಆಸ್ಪತ್ರೆಯ ರೂಲು. ಯಾರು ಬಡವರು ಎಂದು ಸಿಸ್ಟರಿಗೆ ಹೇಗೆ ತಿಳಿಯಬೇಕು? ಅದಕ್ಕೆ ಆಯಾ ಊರಿನ ದೊಡ್ಡವರೊಬ್ಬರ ಕೈಗೆ ಗುಲಾಬಿ ಬಣ್ಣದ ಚೀಟಿಗಳ ಒಂದು ಪುಸ್ತಕ ಕೊಟ್ಟಿದ್ದರು. ಅದರಲ್ಲಿ ಅಚ್ಚಾಗಿದ್ದದ್ದು ಇಷ್ಟೇ: ಈ ಚೀಟಿ ತಂದವರ ಹೆಸರು ಇದು, ಕಾಯಿಲೆ ಇದು, ಇವರು ಬಡವರು, ನನಗೆ ಗೊತ್ತಿರುವವರು. ಕೆಳಗೆ ಸಹಿ. ಒಂದು ಚೀಟಿ ಒಂದು ತಿಂಗಳಿಗೆ. ಆಮೇಲೆ ಹೊಸದು ಬರೆಸಿಕೊಳ್ಳಬೇಕು.

ನಾನೂ ಒಂದು ಪದ್ಧತಿ ಸೇರಿಸಿದೆ. ಮೊದಲ ವಾರ ಇಬ್ಬರು ಹೆಂಗಸರ ಔಷಧಿ ಅದಲುಬದಲಾಗಿತ್ತು. ಅಂದಿನಿಂದ ವ್ಯಾನಿನ ಮೆಟ್ಟಿಲ ಮೇಲೆ ನಿಂತು ಪ್ರತಿ ಹೊಸ ಚೀಟಿಯನ್ನೂ ಗಟ್ಟಿಯಾಗಿ ಓದುತ್ತಿದ್ದೆ. ಹೆಸರು, ಕಾಯಿಲೆ, ಬಡವರು, ಗೊತ್ತಿರುವವರು. ಕೊನೆಗೆ "ಹೌದಾ?" ಎನ್ನುತ್ತಿದ್ದೆ. ಕಣದಲ್ಲಿ ಕೂತವರು "ಹೌದೂ" ಎಂದರೆ ಔಷಧಿ. ಕಾಯಿಲೆಯ ಹೆಸರನ್ನು ಹಾಗೆ ಊರಿಗೆಲ್ಲ ಕೇಳುವಂತೆ ಓದಿದರೆ ಅವರಿಗೆ ನಾಚಿಕೆಯಾದೀತು ಎಂದು ನನಗೆ ಹೊಳೆಯಲೇ ಇಲ್ಲ. ಸಿಸ್ಟರಿಗೂ ಹೊಳೆಯಲಿಲ್ಲ.

ದೊಡ್ಡಪ್ಪ ಚೀಟಿಯನ್ನು ಸುಮ್ಮನೆ ಬರೆಯುತ್ತಿರಲಿಲ್ಲ. ಒಂದು ಚೀಟಿಗೆ ಒಂದು ದಿನ ಬೆಟ್ಟಕ್ಕೆ ಹೋಗಿ ಸೊಪ್ಪು ಕಡಿದು, ಹೊರೆ ಹೊತ್ತು ತಂದು ಅವರ ಕೊಟ್ಟಿಗೆಗೆ ಹಾಕಬೇಕು. "ಪುಕ್ಕಟೆ ಕೊಟ್ರೆ ಈ ಜನಕ್ಕೆ ಔಷಧಿ ಬೆಲೆ ಗೊತ್ತಾಗದಿಲ್ಲ" ಎಂದು ಸಿಸ್ಟರಿಗೆ ವಿವರಿಸಿದ್ದರು. ನಾನೇ ಅದನ್ನು ಇಂಗ್ಲಿಷಿಗೆ ಮಾಡಿ ಹೇಳಿದ್ದೆ. ಸ್ವಲ್ಪ ಸಾಫ್ಟ್ ಮಾಡಿ ಹೇಳಿದ್ದೆ, ಅದೂ ನೆನಪಿದೆ.

ಅವಳು ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಮೂವತ್ತರ ಆಸುಪಾಸು. ಮುಳುಗಿದ ಊರಿನವಳು. ಗಂಡನ ಹೆಗಲು ಹಿಡಿದು ಬಂದಿದ್ದಳು. ಕಫ ನೋಡಿ ಆಸ್ಪತ್ರೆಯ ಡಾಕ್ಟರು ಕ್ಷಯ ಎಂದರು. ವಾರಕ್ಕೆ ಎರಡು ಇಂಜೆಕ್ಷನ್, ಜೊತೆಗೆ ಮಾತ್ರೆ, ಹದಿನೆಂಟು ತಿಂಗಳು. ಒಂದೂ ತಪ್ಪಬಾರದು. ನಾನು ಅವಳ ಹೆಸರು ಓದಿದಾಗ ಅವಳಿಗೆ ನಗು ಬಂತು.

"ಎಂತಕ್ಕೆ ನಗ್ತಿ?" ಎಂದೆ.

"ನನ್ ಹೆಸ್ರು ನಿಮ್ ಬಾಯಲ್ಲಿ ಕೇಳಿದ್ರೆ ಯಾರೋ ದೊಡ್ಡ ಹೆಂಗ್ಸು ಅನ್ನಿಸ್ತದೆ ಸಣ್ಣಮ್ಮ. ಇನ್ನೊಂದ್ಸಲ ಓದಿ."

ಓದಿದೆ. ಎರಡು ತಿಂಗಳಲ್ಲಿ ಅವಳ ಕೆನ್ನೆ ತುಂಬಿತು. ಗಂಡನ ಹೆಗಲು ಬಿಟ್ಟು ತಾನೇ ನಡೆದು ಬರತೊಡಗಿದಳು. ನನ್ನ ಜಡೆ, ನನ್ನ ಚಪ್ಪಲಿ, ಸಿಸ್ಟರಿನ ಬಿಳಿ ಬಟ್ಟೆ, ಯಾವುದನ್ನೂ ಅವಳು ಬಿಡುತ್ತಿರಲಿಲ್ಲ. "ಇವ್ರಿಗೆ ಗಂಡ ಇಲ್ಲ ಅಂತೀರಿ, ಬಟ್ಟೆ ಇಷ್ಟು ಬೆಳ್ಳಗೆ ಇರದು ಅದ್ಕೇ ಇರ್ಬೇಕು" ಎಂದಿದ್ದಳು. ಇದನ್ನು ನಾನು ಟ್ರಾನ್ಸ್‌ಲೇಟ್ ಮಾಡಲಿಲ್ಲ.

ಮೂರನೇ ಚೀಟಿ ಬರೆಸುವ ಹೊತ್ತಿಗೆ ಡಾಕ್ಟರು ಭಾರ ಹೊರಬಾರದು ಎಂದಿದ್ದರು. ಆ ಮಾತನ್ನು ಅವಳಿಗೆ ದಾಟಿಸಿದವಳು ನಾನೇ. "ಸೊಪ್ಪಿಗೆ ಕರೆದರೆ ಹೀಗಂತ ಹೇಳು" ಎಂದು ನನ್ನ ಕಡೆಯಿಂದ ಒಂದು ಮಾತು ಸೇರಿಸಿದೆ.

ಮುಂದಿನ ಬುಧವಾರ ನಾನು ಜಗಲಿಯಲ್ಲಿ ದೊಡ್ಡಮ್ಮ ಕೊಟ್ಟ ಕಾಫಿ ಕುಡಿಯುತ್ತಿದ್ದೆ. ಅವಳು ಅಂಗಳದಲ್ಲಿ ನಿಂತಿದ್ದಳು. ದೊಡ್ಡಪ್ಪನ ತೊಡೆಯ ಮೇಲೆ ಚೀಟಿ ಪುಸ್ತಕ ತೆರೆದಿತ್ತು.

"ಎಂತದೇ, ಹೇಳಿ ಕಳ್ಸಿ ಮೂರು ದಿನ ಆತು. ಸೊಪ್ಪಿಗೆ ಬರ್ಲಿಲ್ಲ?"

"ಭಾರ ಹೊರಬಾರ್ದು ಅಂದಾರೆ ಒಡೇರೆ, ಡಾಕ್ಟ್ರು. ಸಣ್ಣಮ್ಮನೇ ಹೇಳಿದ್ರು."

ದೊಡ್ಡಪ್ಪ ನನ್ನ ಕಡೆ ತಿರುಗಿದರು. "ಹೌದು ದೊಡ್ಡಪ್ಪ" ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ.

"ಹೊರಕ್ಕೆ ಆಗ್ದೇ ಇರೋಷ್ಟು ಕಾಯ್ಲೆ ಇದ್ರೆ ಇಲ್ಲೀಗಂಟ ಹೆಂಗೆ ನಡ್ಕಂಡು ಬಂದೆ? ನಡ್ಕಂಡು ಬರೋಷ್ಟು ಗಟ್ಟಿ ಇದ್ರೆ ಚೀಟಿ ಎಂತಕ್ಕೆ?"

ದೊಡ್ಡಮ್ಮ ನಕ್ಕರು. ತಮ್ಮ ಮಾತು ತಮಗೇ ಹಿಡಿಸಿ ದೊಡ್ಡಪ್ಪ ಅದನ್ನು ಇನ್ನೊಂದು ಸಲ ಹೇಳಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, ಪುಸ್ತಕ ಮುಚ್ಚಿದರು. ನಾನು ಕಾಫಿ ಪೂರ್ತಿ ಕುಡಿದೆ. ಲೋಟ ಕೆಳಗಿಟ್ಟು ಎದ್ದು ನಿಲ್ಲಬಹುದಿತ್ತು.

ಚೀಟಿ ಇಲ್ಲದೆ ಅವಳು ಕಣಕ್ಕೆ ಬಂದಳು. ಸಿಸ್ಟರ್ ಅವಳನ್ನು ನೋಡಿದರು, ನನ್ನನ್ನು ನೋಡಿದರು. "ರೂಲ್ ಈಸ್ ರೂಲ್, ಮೋಳೆ" ಎಂದರು. ಮೋಳೆ ಎಂದರೆ ಅವರ ಭಾಷೆಯಲ್ಲಿ ಮಗಳೇ ಎಂದು. ಇಂಜೆಕ್ಷನ್ನಿನ ಪ್ರತಿ ಬಾಟಲಿಗೂ ಆಸ್ಪತ್ರೆಯಲ್ಲಿ ಗುಲಾಬಿ ಚೀಟಿಯ ಲೆಕ್ಕ ತೋರಿಸದಿದ್ದರೆ ವ್ಯಾನೇ ನಿಂತುಹೋಗುತ್ತದೆ ಎಂಬ ಭಯ ಅವರದು. ದೊಡ್ಡಪ್ಪನ ಸಹಿ ನನಗೆ ಬರುತ್ತಿತ್ತು. ಕ್ಲಾಸಿನಲ್ಲಿ ಟೀಚರುಗಳ ಸಹಿ ಹಾಕಿ ಗೆಳತಿಯರನ್ನು ನಗಿಸುತ್ತಿದ್ದವಳು ನಾನು. ಆ ದಿನ ಮಾತ್ರ ಫೋರ್ಜರಿ ಪಾಪ ಎಂದು ನೆನಪಾಯಿತು. ಪಾಪಕ್ಕಿಂತ ದೊಡ್ಡಪ್ಪನ ಹೆದರಿಕೆಯೇ ಹೆಚ್ಚು. ಈಗ ಬೇರೆ ಹೆಸರಿಟ್ಟು ಪ್ರಯೋಜನವಿಲ್ಲ.

ಅವಳು ಮತ್ತೆ ಆರು ಸಲ ಬಂದಳು. ಏನೂ ಕೇಳದೆ ವ್ಯಾನಿನ ಚಕ್ರದ ನೆರಳಲ್ಲಿ ಕೂತಿದ್ದು ಹೋಗುತ್ತಿದ್ದಳು. ಆಮೇಲೆ ಮಳೆ ಹಿಡಿಯಿತು, ದಾರಿ ಕೆಟ್ಟಿತು, ಚೌತಿಯವರೆಗೆ ವ್ಯಾನ್ ಸಾಗರದಲ್ಲೇ ನಿಂತಿತು.

ಮಳೆ ಬಿಟ್ಟ ಮೇಲಿನ ಮೊದಲ ಶುಕ್ರವಾರ ಮೇಳಿಗೆಯಲ್ಲಿ ಚೀಟಿ ಬರೆಯುವವರಿಗೆ ಈ ವಿಷಯ ಹೇಳಿದೆ. ಅಲ್ಲಿನ ಶಾಲೆ ಮೇಷ್ಟ್ರ ಹೆಂಡತಿ ಅವರು. ಬಂದವರನ್ನು ಏನೂ ಕೇಳದೆ ಬರೆದು ಕೊಡುತ್ತಿದ್ದರು. ನನ್ನ ಮಾತು ಮುಗಿಯುವ ಮೊದಲೇ ಒಂದು ಹಾಳೆ ಹರಿದು ಸಹಿ ಹಾಕಿದರು. "ಹೆಸ್ರು ನೀನೇ ಬರ್ಕ. ಯಾವೂರಾದ್ರೆ ಎಂತ, ಕೆಮ್ಮು ಒಂದೇ ಅಲ್ದಾ? ಇದನ್ನ ಮಳೆಗೆ ಮುಂಚೆ ಕೇಳಕ್ಕೆ ನಿಂಗೆ ಬಾಯಿ ಇರ್ಲಿಲ್ವಾ?"

ಮರುದಿನ ಆ ಚೀಟಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ದೊಡ್ಡಪ್ಪನ ಕಣಕ್ಕೆ ಬಂದೆ. ಅವಳ ಗಂಡ ಒಬ್ಬನೇ ಬಂದಿದ್ದ. ಅವಳ ಹಳದಿ ಕಾರ್ಡನ್ನು ಬಾಳೆಲೆಯಲ್ಲಿ ಸುತ್ತಿ ತಂದಿದ್ದ.

"ಇದು ನಿಮ್ದು ಸಣ್ಣಮ್ಮ. ಆಸ್ಪತ್ರೆ ಕಾಗ್ದ, ಸತ್ತೋರ ಮನೇಲಿ ಇಟ್ಕಂಬಾರ್ದು ಅಂದ್ರು. ನೆನೀದೇ ಇರಂಗೆ ನೋಡ್ಕಂಡಿದೀನಿ."

ಕಾರ್ಡಿನಲ್ಲಿ ತಿಂಗಳಿಗೊಂದರಂತೆ ಹದಿನೆಂಟು ಸಾಲು. ನನ್ನ ಚೆಂದದ ಅಕ್ಷರದಲ್ಲಿ ಪೂರ್ತಿ ತುಂಬಿದ್ದು ಎರಡೇ. ಅಂದು ವ್ಯಾನಿನ ಹಿಂದೆ ಹೋಗಿ ಅತ್ತೆ. ಅತ್ತು ಮುಗಿದ ಮೇಲೆ ನನ್ನಲ್ಲಿ ಉಳಿದದ್ದು ದುಃಖವಲ್ಲ, ಸಿಟ್ಟು. ಅದನ್ನು ಜೋಪಾನವಾಗಿ ಇಟ್ಟುಕೊಂಡೆ.

ಬಹಳ ದಿನ ಕಾಯಬೇಕಾಗಲಿಲ್ಲ. ಮುಂದಿನ ಬೇಸಿಗೆಯಲ್ಲಿ ದೊಡ್ಡಮ್ಮ ನನ್ನನ್ನು ಅಡುಗೆಮನೆಗೆ ಕರೆದು ಬಾಗಿಲು ಮುಂದೆ ಮಾಡಿದರು. ದೊಡ್ಡಪ್ಪನ ಕೆಮ್ಮಿನಲ್ಲಿ ರಕ್ತ ಬಂದಿತ್ತು. ಶಿವಮೊಗ್ಗಕ್ಕೆ ಹೋಗಿ ಎಕ್ಸ್‌ರೇ ತೆಗೆಸಿದ್ದರು. ವಾರಕ್ಕೆರಡು ಸಲ ಅಷ್ಟು ದೂರ ಬಸ್ಸು ಹತ್ತಿದರೆ ಊರೆಲ್ಲ ಯಾಕೆ ಎಂದು ಕೇಳುತ್ತದೆ. ಮಗಳಿಗೆ ಗಂಡು ನೋಡುತ್ತಿದ್ದಾರೆ.

"ಅದೇ ಔಷಧಿ ವ್ಯಾನಲ್ಲೇ ಇರ್ತದಂತಲ್ಲ ಮಗಾ. ಸಿಸ್ಟರನ್ನ ಹಿತ್ಲ ಬಾಗ್ಲಿಂದ ಒಳಗೆ ಕರ್ಕಂಡು ಬಾ. ಯಾರಿಗೂ ಗೊತ್ತಾಗೋದು ಬ್ಯಾಡ."

"ಚೀಟಿ ಬೇಕು ದೊಡ್ಡಮ್ಮ" ಎಂದೆ.

"ಚೀಟಿ ಬರ್ಯೋರೇ ಅವ್ರಲ್ದನೇ?"

"ಹೌದು. ಬರೀಲಿ."

ಮೇಳಿಗೆಯ ಸಹಿ ಇದ್ದ ಖಾಲಿ ಚೀಟಿ ಆಗಲೂ ನನ್ನ ಬ್ಯಾಗಿನಲ್ಲಿತ್ತು. ಅದನ್ನು ಮುಟ್ಟಿ ನೋಡಿಕೊಂಡೆ, ಹೊರಗೆ ತೆಗೆಯಲಿಲ್ಲ. ಸಿಸ್ಟರಿಗೆ ವಿಷಯ ತಿಳಿಸಿದೆ. ಅವರು ಎಂದಿನ ಮಾತೇ ಹೇಳಿದರು: ಚೀಟಿ ಇದ್ದರೆ ಇಂಜೆಕ್ಷನ್, ಅದೂ ವ್ಯಾನಿನಲ್ಲಿ. ರೂಲ್ ಈಸ್ ರೂಲ್.

ಶನಿವಾರ ಕಣ ತುಂಬಿತ್ತು. ದೊಡ್ಡಪ್ಪ ಶಾಲು ಹೊದ್ದು, ಮೇಲ್ವಿಚಾರಣೆಗೆ ಬಂದವರಂತೆ ವ್ಯಾನಿನ ಸುತ್ತ ಒಂದು ಸುತ್ತು ಬಂದು, ಮಡಚಿದ ಚೀಟಿಯನ್ನು ನನ್ನ ಕೈಗಿಟ್ಟರು. "ಓದೋದೇನ್ ಬ್ಯಾಡ" ಎಂದು ಮೆಲ್ಲಗೆ ಹೇಳಿದರು.

ನಾನು ಮೆಟ್ಟಿಲು ಹತ್ತಿದೆ. ಎಲೊಕ್ಯೂಷನ್ ಕ್ಲಾಸಿನಲ್ಲಿ ಕಲಿಸಿದಂತೆ ಗದ್ದ ಎತ್ತಿ, ಕಡೆಯ ಸಾಲಿಗೂ ಕೇಳುವಂತೆ ಓದಿದೆ. ಅವರ ಪೂರ್ತಿ ಹೆಸರು, ಮನೆತನದ ಹೆಸರು ಸಮೇತ. ಕಾಯಿಲೆ, ಕ್ಷಯ. ಇವರು ಬಡವರು, ನನಗೆ ಗೊತ್ತಿರುವವರು. ಸಹಿ, ಅದೇ ಹೆಸರು.

"ಹೌದಾ?" ಎಂದೆ.

ಯಾರೂ ಉಸಿರೆತ್ತಲಿಲ್ಲ. ದೊಡ್ಡಪ್ಪ ತಮ್ಮದೇ ಕಣದ ನಡುವೆ, ತಾವು ಸೊಪ್ಪು ಹೊರಿಸಿದ ಜನರ ಮುಂದೆ ನೆಲ ನೋಡುತ್ತಾ ನಿಂತಿದ್ದರು. ಹೌದು ಎನ್ನುವವರಿಲ್ಲದಿದ್ದರೆ ಔಷಧಿಯಿಲ್ಲ. ಅದು ನಾನೇ ಮಾಡಿದ ರೂಲು. ಆ ಮೌನ ಬೇಗ ಮುಗಿಯದಿರಲಿ ಎಂದು ನಾನು ಬೇಡಿಕೊಂಡೆ. ಯಾರನ್ನು ಬೇಡಿಕೊಂಡೆನೋ ಗೊತ್ತಿಲ್ಲ.

ಹಿಂದಿನ ಸಾಲಿನಿಂದ ಅವಳ ಗಂಡ ಎದ್ದ. ಹೆಗಲ ಮೇಲಿನ ಟವಲು ಸರಿಮಾಡಿಕೊಂಡ.

"ಹೌದು" ಎಂದ. "ನಮ್ಗೆ ಗೊತ್ತಿರೋರು. ಬಡವ್ರು."

ಸಿಸ್ಟರ್ ಇಂಜೆಕ್ಷನ್ ಕೊಟ್ಟರು. ಆಮೇಲೆ ನಾನು ಅವನ ಹತ್ತಿರ ಹೋಗಿ ಯಾಕೆ ಹಾಗೆಂದೆ ಎಂದು ಕೇಳಿದೆ. ಕೇಳಿದ್ದಲ್ಲ, ಜಗಳವಾಡಿದೆ ಎಂದರೂ ಸರಿ.

"ಸೂಜಿ ತಪ್ಪಬಾರ್ದು ಅಂತ ನೀವೇ ಹೇಳಿದ್ರಲ್ಲ ಸಣ್ಣಮ್ಮ" ಎಂದ. ನಾಲ್ಕು ಹೆಜ್ಜೆ ಹೋಗಿ ತಿರುಗಿದ. "ಮತ್ತೆ, ಆ ಮಾತು ಹೇಳಕ್ಕೆ ಚೆಂದ ಇತ್ತು."

ಸಾಗರಕ್ಕೆ ವಾಪಸು ಬರುವಾಗ ಸಿಸ್ಟರ್ ನನ್ನ ಕಡೆ ತಿರುಗಿದರು. "ಯು ಎಂಜಾಯ್ಡ್ ಇಟ್" ಎಂದರು. "ಯೆಸ್, ಸಿಸ್ಟರ್" ಎಂದೆ. ಕನ್‌ಫೆಷನ್ನಿಗೆ ಹೋಗು ಎಂದು ಹೇಳಲು ಬಾಯಿ ತೆರೆದು, ನಾನು ಅವರ ಪೈಕಿಯವಳಲ್ಲ ಎಂದು ನೆನಪಾಗಿ ಮುಚ್ಚಿಕೊಂಡರು.

ಚೀಟಿ ಒಂದು ತಿಂಗಳಿಗೆ ಮಾತ್ರ. ಅಡಗಿಸಿಡಲು ಇನ್ನೇನೂ ಉಳಿದಿರಲಿಲ್ಲವಾದ್ದರಿಂದ, ಔಷಧಿ ಹಿಡಿಯುತ್ತಿದ್ದುದರಿಂದ, ದೊಡ್ಡಪ್ಪ ಪ್ರತಿ ತಿಂಗಳೂ ಬರೆದು ತಂದರು. ನಾನು ಪ್ರತಿ ತಿಂಗಳೂ ಓದಿದೆ. ಮಳೆಗಾಲದಲ್ಲಿ ವ್ಯಾನ್ ನಿಂತಾಗ ಅವರೇ ಬಸ್ಸು ಹಿಡಿದು ಸಾಗರದ ಆಸ್ಪತ್ರೆಗೆ ಬಂದರು. ಅಲ್ಲಿನ ವರಾಂಡದಲ್ಲೂ ಓದಿದೆ. ನನ್ನನ್ನು ನೋಡಿಹೋಗಿದ್ದ ತೀರ್ಥಹಳ್ಳಿಯ ಗಂಡಿನ ಕಡೆಯವರು ಮದುವೆಯ ವಿಷಯ ಎರಡು ಸಲ ಕೇಳಿ ಕಳಿಸಿದರು. ಕೆಲಸ ಮುಗಿದಿಲ್ಲ, ಕಾಯಲಿ ಎಂದೆ. ಅಪ್ಪ ನನ್ನ ಮುಖ ನೋಡಿ ಪೇಪರ್ ಬಿಡಿಸಿಕೊಂಡರು.

ದೊಡ್ಡಪ್ಪನ ಮಗಳಿಗೆ ಬಂದಿದ್ದ ಒಂದು ಸಂಬಂಧ ಈ ಸುದ್ದಿ ಕೇಳಿ ತಪ್ಪಿಹೋಯಿತು. ಅಕ್ಕ ನನಗೆ ಏನೂ ಮಾಡಿದವಳಲ್ಲ. ಅವಳ ಕಾಲು ಹಿಡಿದು ಕ್ಷಮೆ ಕೇಳಿದ್ದೇನೆ, ಅವಳಿಗೆ ಮಾತ್ರ.

ಹದಿನೆಂಟನೇ ಚೀಟಿ ಓದಿದ ತಿಂಗಳ ಕೊನೆಗೆ ಡಾಕ್ಟರು ವಾಸಿಯಾಗಿದೆ ಎಂದು ಬರೆದರು. ದೊಡ್ಡಪ್ಪ ಕಾರ್ಡನ್ನು ವ್ಯಾನಿನ ಮೆಟ್ಟಿಲ ಮೇಲೆ ಬಿಸಾಡಿ ಹೋದರು. ಆಮೇಲೆ ಇಪ್ಪತ್ತು ವರ್ಷಕ್ಕೂ ಮೀರಿ ಗಟ್ಟಿಯಾಗಿ ಬದುಕಿದರು, ನನ್ನ ಜೊತೆ ಒಂದು ಮಾತೂ ಆಡದೆ. ತೀರಿಕೊಂಡಾಗ, ಊರಿಗೆ ಔಷಧಿ ತರಿಸಿದ ಪುಣ್ಯಾತ್ಮ ಎಂದು ನಾಲ್ಕು ಜನ ಹೇಳಿದರು. ನಾನು ಊಟಕ್ಕೆ ನಿಲ್ಲದೆ ಬಂದೆ.

ಆ ಕಾರ್ಡನ್ನು ಅಂದೇ ಹೆಕ್ಕಿ ಇಟ್ಟುಕೊಂಡಿದ್ದೆ. ಬೀರುವಿನಲ್ಲಿ ಅವಳದರ ಜೊತೆಗೇ ಇದೆ. ಎರಡರಲ್ಲೂ ನನ್ನದೇ ಅಕ್ಷರ. ಅವರದರಲ್ಲಿ ಹದಿನೆಂಟೂ ಸಾಲು ತುಂಬಿವೆ. ಅವಳದರ ಮೂರನೇ ಸಾಲಿನಲ್ಲಿ ತಿಂಗಳ ಹೆಸರು ಮೊದಲೇ ಬರೆದಿಟ್ಟಿದ್ದೆ. ಮುಂದೆ ಏನೂ ಇಲ್ಲ.