ಗೇಟಿನ ತನಕ ಬಂದ ಬಸ್ಸು

ಆಯುಧಪೂಜೆಯಾದ ಎರಡು ದಿನಕ್ಕೆ ಅಮ್ಮನ ಮನೆಗೆ ಹೋಗಲು ನಾಯಂಡಹಳ್ಳಿಯಲ್ಲಿ ಬಸ್ಸು ಹತ್ತಿದೆ. ಮುಂದಿನ ಗಾಜಿಗೆ ಕಟ್ಟಿದ್ದ ಚೆಂಡುಹೂವಿನ ಹಾರ ಅರ್ಧ ಬಾಡಿತ್ತು. ಬಾಡಿದ ಚೆಂಡುಹೂವು, ಜೊತೆಗೆ ಡೀಸೆಲ್... ಎರಡೂ ಒಟ್ಟಿಗೆ ಮೂಗಿಗೆ ಬಡಿದದ್ದೇ ತಡ, ನಮ್ಮ ಮೇಷ್ಟ್ರು ನೆನಪಾದರು. ಒಂದು ಬಸ್ಸಿಗೆ ಅಷ್ಟು ಅಕ್ಕರೆಯಿಂದ ಹಾರ ಹಾಕಿದವರನ್ನು ನಾನು ಮತ್ತೆ ನೋಡಿಲ್ಲ.

ಉಲ್ಲಾಳದಿಂದ ಆಚೆ, ರಾಗಿ ಹೊಲಗಳ ನಡುವೆ, ಪುಟ್ಟದೊಂದು ಗ್ರಾಮೀಣ ವಿಶ್ವವಿದ್ಯಾಲಯವಿತ್ತು. ಅಣ್ಣನ ಅಂಗಿ ತೊಟ್ಟ ತಮ್ಮನಂತೆ, ಆ ದೊಡ್ಡ ಹೆಸರು ಅದಕ್ಕೆ ಸಡಿಲವಾಗಿಯೇ ಇತ್ತು. ಶೀಟು ಹೊದಿಸಿದ ಕೆಲವು ಕೋಣೆ, ಒಂದು ಹಾಸ್ಟೆಲು, ಒಂದು ಬಾವಿ, ಗೇಟಿನ ಪಕ್ಕ ಹೊಂಗೆ ಮರ. ಹಳ್ಳಿಯ ಬಗ್ಗೆ ಓದುವವರು ಹಳ್ಳಿಯಲ್ಲೇ ಓದಲಿ ಎಂದು ಸುತ್ತಲಿನ ರೈತರೇ ಜಾಗ ಬಿಟ್ಟುಕೊಟ್ಟಿದ್ದರಂತೆ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರವಿದ್ದದ್ದರಿಂದಲೇ ಅಪ್ಪ ನನ್ನನ್ನು ಡಿಗ್ರಿಗೆ ಸೇರಿಸಿದರು. ಸಿಟಿಗೆ ಹೋಗಿ ಓದುತ್ತೇನೆ ಎಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ಮೇಷ್ಟ್ರು ನಾನು ಸೇರಿದ ಗ್ರಾಮಾಭಿವೃದ್ಧಿ ವಿಭಾಗದ ಮುಖ್ಯಸ್ಥರು. ಹೊಸದಾಗಿ ಸೇರಿದವರನ್ನು ಮೊದಲ ವಾರವೇ ಊರಿನ ಮನೆಗಳಿಗೆ ಹಂಚಿಬಿಡುತ್ತಿದ್ದರು. ಆ ಮನೆಯವರ ಜೊತೆ ಹೊಲದಲ್ಲಿ ಕಳೆ ಕೀಳಬೇಕು, ಮಧ್ಯಾಹ್ನ ಅವರ ಪಂಕ್ತಿಯಲ್ಲೇ ಉಣ್ಣಬೇಕು, ಪುಸ್ತಕ ಏನಿದ್ದರೂ ಆಮೇಲೆ. ರಾಜಾಜಿನಗರದಿಂದ ಬಂದಿದ್ದ ಹುಡುಗನೊಬ್ಬ ಮುದ್ದೆಯನ್ನು ಅಗಿದೂ ಅಗಿದೂ ದವಡೆ ನೋಯಿಸಿಕೊಂಡಾಗ ಮೇಷ್ಟ್ರೇ ಪಕ್ಕದಲ್ಲಿ ಕೂತು, "ನುಂಗಪ್ಪಾ, ನುಂಗು. ಅದೇನ್ ಚೂಯಿಂಗ್ ಗಮ್ಮಾ?" ಎಂದಿದ್ದರು. ವರ್ಷ ಮುಗಿಯುವ ಹೊತ್ತಿಗೆ ಅವನು ಯಾರೂ ಕರೆಯದಿದ್ದರೂ ಆ ಮನೆಗೆ ಊಟಕ್ಕೆ ಹಾಜರಾಗುತ್ತಿದ್ದ.

ಆದರೆ ಹಾಗೆ ಹೊರಗಿನಿಂದ ಓದಲು ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾದರು. ಮುಖ್ಯರಸ್ತೆಯಲ್ಲೇ ಬಸ್ಸಿಳಿದು ಕೆಸರು ದಾರಿಯಲ್ಲಿ ಅಷ್ಟು ದೂರ ಯಾರು ನಡೆಯುತ್ತಾರೆ? ಹೀಗೇ ಆದರೆ ವಿಭಾಗ ಮುಚ್ಚುತ್ತೇವೆ ಎಂದು ಮೇಲಿನವರು ಖಡಾಖಂಡಿತವಾಗಿ ಹೇಳಿದರು. ಮೇಷ್ಟ್ರ ತಲೆಯಲ್ಲಿ ಒಂದೇ ಯೋಚನೆ ಹೊಕ್ಕಿತು. "ಗೇಟಿನ ತನಕ ಬಸ್ ಬರ್ಲಿ, ಮಕ್ಕಳು ತಾವಾಗೇ ಬರ್ತಾರೆ." ಬಸ್ಸಿನ ಕಚೇರಿಗೆ ಅಲೆದು ಅಲೆದು ಚಪ್ಪಲಿ ಸವೆಸಿದರು. ನಾವೂ ಊರಿನವರೂ ಕೂಡಿ ದಾರಿಯ ಗುಂಡಿಗಳಿಗೆ ಮಣ್ಣು ತುಂಬಿದೆವು.

ಕೊನೆಗೂ ಬಸ್ಸು ಬಂತು. ಮೇಷ್ಟ್ರು ಪಂಚೆ ಉಟ್ಟು ಬಂದು ಕಾಯಿ ಒಡೆದರು. ಗಾಜಿನ ತುಂಬ ಚೆಂಡುಹೂವಿನ ಹಾರ ಇಳಿಬಿಟ್ಟರು. "ಸಾರ್, ರೋಡ್ ಕಾಣೋಷ್ಟಾದ್ರೂ ಜಾಗ ಬಿಡಿ" ಎಂದು ಡ್ರೈವರ್ ಗೋಗರೆಯಬೇಕಾಯಿತು. ಅವರು ಅಷ್ಟು ನಕ್ಕದ್ದನ್ನು ನಾನು ಅವತ್ತೇ ನೋಡಿದ್ದು.

ಆ ವರ್ಷ ನನ್ನ ತಂಗಿಯ ಪಿಯುಸಿ ಮುಗಿದಿತ್ತು. "ನಿನ್ ತಂಗಿ ನಮ್ ವಿಭಾಗಕ್ಕೇ ತಾನೇ ಬರೋದು?" ಎಂದು ಮೇಷ್ಟ್ರು ಕೇಳಿದಾಗ ಹೌದೆಂದೇ ಹೇಳಿದ್ದೆ. ಅಪ್ಪ ಮಾತ್ರ ಅವಳನ್ನು ವಿಜಯನಗರದಲ್ಲಿ ಬಿ.ಕಾಂ.ಗೆ ಸೇರಿಸಿ ಬಂದರು. "ಮನೆ ಹತ್ರಾನೇ ಬಸ್ ಬರುತ್ತಲ್ಲ, ಇನ್ನೇನ್ ಭಯ?" ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ ಅದೇ ಮಾತು.

ಮೇಷ್ಟ್ರು ದಿನಾ ಬೆಳಿಗ್ಗೆ ಹೊಂಗೆ ಮರದ ಕೆಳಗೆ ನಿಂತು ಬಸ್ಸು ಕಾಯುತ್ತಿದ್ದರು. ಇಳಿಯುವವರೇ ಇರುತ್ತಿರಲಿಲ್ಲ. ತಿರುಗಿಕೊಂಡು ಹೊರಡುವಾಗ ಮಾತ್ರ ಕಾಲಿಡಲೂ ಜಾಗವಿಲ್ಲ. ಒಂದು ದಿನ ತಂಗಿ ಹೊರಡುವುದು ತಡವಾಯಿತು. ನಾನೂ ಅವಳೂ ಓಡಿ ಬರುವಾಗ ಮೇಷ್ಟ್ರು ಬಸ್ಸಿಗೆ ಕೈ ಅಡ್ಡ ಹಿಡಿದು ನಿಂತಿದ್ದರು.

"ಒಂದ್ನಿಮಿಷ ತಡೀರಿ, ನಮ್ ಹುಡುಗಿ ಬರ್ತಾ ಇದಾಳೆ."

"ನಿಮ್ ಕಾಲೇಜ್ ಹುಡುಗಿ ಅಲ್ಲ ಸಾರ್ ಅದು, ಸಿಟಿಗೆ ಹೋಗೋದು" ಎಂದ ಕಂಡಕ್ಟರ್.

"ಇರ್ಲಿ ಕಣಪ್ಪಾ. ಓದೋಕ್ ತಾನೇ ಹೋಗ್ತಿರೋದು."

ಬಸ್ಸು ಕಣ್ಮರೆಯಾದ ಮೇಲೆ ನನ್ನ ಕಡೆ ತಿರುಗಿದರು. "ಬಸ್ಸು ಬರುತ್ತೆ ಅಂತ ಮಾತ್ರ ಯೋಚ್ನೆ ಮಾಡಿದ್ದೆ ನೋಡಮ್ಮಾ... ವಾಪಸ್ ಹೋಗುತ್ತೆ ಅನ್ನೋದು ಹೊಳೀಲೇ ಇಲ್ಲ" ಎಂದು ನಗಲು ನೋಡಿದರು. ನನಗೆ ಅಳು ಬಂತು. ತಂಗಿ ಇವತ್ತು ಒಳ್ಳೆಯ ಕೆಲಸದಲ್ಲಿದ್ದಾಳೆ, ಅದು ಆ ಬಸ್ಸಿನಿಂದಲೇ. ಹಾಗಾಗಿ ಯಾರನ್ನು ದೂರುವುದು, ನನಗಂತೂ ತಿಳಿಯದು.

ಮೊದಲು ವಿಭಾಗ ಹೋಯಿತು, ಆಮೇಲೆ ಹಾಸ್ಟೆಲು. ಬಸ್ಸಿನ ಹಿಂದೆಯೇ ಸೈಟು ಕೊಳ್ಳುವವರು ಬಂದರು, ರಾಗಿ ಹೊಲಗಳೆಲ್ಲ ಬಡಾವಣೆಗಳಾದವು. ಓದಲು ಹಳ್ಳಿಯೇ ಇಲ್ಲದ ಮೇಲೆ ಉಳಿದದ್ದನ್ನೂ ಮುಚ್ಚಿದರು. ಮೇಷ್ಟ್ರು ತಮ್ಮ ಊರಿಗೆ ಹೋದರು ಎಂದು ಕೇಳಿದೆ. ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ಎಷ್ಟೋ ಕಾಲದ ಮೇಲೆ...

"ಯೂನಿವರ್ಸಿಟಿ ಗೇಟ್, ಇಳೀರಿ ಇಳೀರಿ" ಎಂದು ಕಂಡಕ್ಟರ್ ಕೂಗಿದ. ಆ ಹೆಸರೊಂದು ಹೇಗೋ ಉಳಿದಿದೆ, ಆ ಹೊಂಗೆ ಮರವೂ. ನಾನು ಮರದ ಕೆಳಗೆ ಇಳಿದು ನಿಂತೆ. ಬಸ್ಸು ತಿರುಗಿಕೊಂಡು ಹೊರಡುವುದರಲ್ಲಿತ್ತು. ಅಷ್ಟರಲ್ಲಿ ಅಪಾರ್ಟ್‌ಮೆಂಟಿನ ಕಡೆಯಿಂದ ಬ್ಯಾಗು ಹೊತ್ತ ಹುಡುಗಿಯೊಬ್ಬಳು ಓಡಿ ಬರುವುದು ಕಂಡಿತು. ನನ್ನ ಕೈ ತಾನಾಗಿ ಮೇಲೆದ್ದಿತು.

"ಒಂದ್ನಿಮಿಷ ತಡೀರಿ, ನಮ್ ಹುಡುಗಿ ಬರ್ತಾ ಇದಾಳೆ."

ಅವಳು ಏದುಸಿರು ಬಿಡುತ್ತಾ ಹತ್ತಿ, ಮೆಟ್ಟಿಲ ಮೇಲಿಂದ ತಿರುಗಿ ನೋಡಿದಳು. "ಥ್ಯಾಂಕ್ಸ್ ಆಂಟಿ. ನೀವ್ ಹತ್ತಲ್ವಾ?"

"ಇಲ್ಲಮ್ಮಾ. ನನ್ ಕಾಲೇಜು ಇಲ್ಲೇ."

ಅವಳು ನನ್ನ ಹಿಂದೆಲ್ಲ ಕಣ್ಣಾಡಿಸಿ ಕಾಲೇಜು ಹುಡುಕಿದಳು. ಬಸ್ಸು ಹೊರಟಿತು.