ಪ್ಯಾರಿಸ್ ಬಿದ್ದೈತ್ರಿ, ಮಾಸ್ತರ!

"ಮಾಸ್ತರ, ಪ್ಯಾರಿಸ್ ಬಿದ್ದೈತಿ ನೋಡ್ರಿ!"

ಇಷ್ಟೇ ಮಾತು. ಇಷ್ಟು ಮಾತಿಗೆ ಪೊಲೀಸರು ಬರುತ್ತಾರೆ ಎಂದರೆ ನೀವು ನಂಬುತ್ತೀರಾ? ನಾನೂ ನಂಬುತ್ತಿರಲಿಲ್ಲ. ಹೋದ ವಾರ ಗಂಗಾವತಿಯಲ್ಲಿ ಕಣ್ಣಾರೆ ಕಂಡೆ. ಸಿಟ್ಟು ಆರುವ ಮೊದಲೇ ಅವಸರದಲ್ಲಿ ಬರೆಯುತ್ತಿದ್ದೇನೆ. (ಕಂಪೋಜಿಟರ್ ಮಹಾಶಯರೇ, ಅಕ್ಷರ ಸೊಟ್ಟಗಿದ್ದರೆ ಸಂಭಾಳಿಸಿಕೊಳ್ಳಿ.)

ನನ್ನ ಮಾವ ಹನುಮಂತಪ್ಪ ನಾಟಕ ಕಂಪನಿಯಲ್ಲಿ ಆರ್ಗನ್ ಮಾಸ್ತರ. (ಮಾವ ಅಂದರೆ ಅಕ್ಕನ ಗಂಡ. ನಮ್ಮ ಕೊಪ್ಪಳದ ಕಡೆ ಹಾಗೆಯೇ ಕರೆಯುವುದು.) ಕಂಪನಿ ಯಲಬುರ್ಗಾ, ಕುಷ್ಟಗಿ ಮುಗಿಸಿ ಗಂಗಾವತಿಯಲ್ಲಿ ಬಿದಿರಿನ ತಟ್ಟಿ ಥೇಟರ್ ಹಾಕಿದೆ. ಅಕ್ಕನೂ ಅಲ್ಲೇ ಇದ್ದಾಳೆ. "ಒಂದೆರಡು ದಿನ ಬಂದು ಹೋಗೋ" ಎಂದು ಹೇಳಿ ಕಳಿಸಿದಳು. ಸರ್ವಿಸ್ ಮೋಟಾರು ಹತ್ತಿ ಹೋದೆ.

ಮಾವನ ಆರ್ಗನ್ ನೀವು ನೋಡಬೇಕು. ಕಾಲಿನಿಂದ ಗಾಳಿ ತುಂಬುವ ದೊಡ್ಡ ಪೆಟ್ಟಿಗೆ. ಒಳಗೆ ಗಾಳಿಗೆ ನುಡಿಯುವ ಹಿತ್ತಾಳೆ ನಾಲಗೆಗಳ ಮೂರು ಸಾಲು. ಒಂದು ಇಂಗ್ಲೆಂಡಿನದು, ಒಂದು ಜರ್ಮನಿಯದು, ಒಂದು ಪ್ಯಾರಿಸ್ಸಿನದು. ಎದುರಿನ ಗುಂಡಿ ಎಳೆದರೆ ಆ ಸಾಲು ನುಡಿಯುತ್ತದೆ, ಒತ್ತಿದರೆ ಬಾಯಿ ಮುಚ್ಚುತ್ತದೆ. ಅಕ್ಕ ಈ ಪೆಟ್ಟಿಗೆಯನ್ನು ಕರೆಯುವುದೇ "ನನ್ನ ಸವತಿ" ಎಂದು. ಅವಳ ಸಿಟ್ಟಿಗೂ ಅರ್ಥವಿದೆ. ಮಾವ ಅವಳ ಮುಖ ಒರೆಸಿದ್ದನ್ನು ನಾನು ಕಂಡಿಲ್ಲ, ಪೆಟ್ಟಿಗೆಯ ಮುಖ ದಿನಾ ಒರೆಸುತ್ತಾನೆ.

ಮೂರು ದೇಶದ ಸ್ವರ ಒಂದೇ ಕಡೆ ಕೂಡಿಸುವ ಹುಚ್ಚು ಯಾಕೆ? ಕೇಳಿದೆ. ಕಂಪನಿ ಸಿಕಂದರಾಬಾದಿಗೆ ಹೋಗಿದ್ದಾಗ ಅಲ್ಲಿಯ ಚರ್ಚಿನಲ್ಲಿ ಗೋಡೆಯೆತ್ತರದ ಕೊಳವೆಗಳ ಆರ್ಗನ್ ಕಂಡನಂತೆ. ಅದರ ರಿಪೇರಿಗೆಂದು ಬಂದ ಬಿಳಿ ದೊರೆಯೊಬ್ಬ ಒಳ್ಳೆಯ ಮನುಷ್ಯ. ಎಲ್ಲ ದೇಶದ ಆರ್ಗನ್ನಿನಲ್ಲೂ ಒಂದು ಮುಖ್ಯವಾದ ಕೊಳವೆ ಸಾಲು ಇರುತ್ತದೆ, ಅದು ಪ್ರಿನ್ಸಿಪಲ್, ಆದರೆ ಒಂದು ದೇಶದ್ದು ಇನ್ನೊಂದರ ಹಾಗೆ ನುಡಿಯುವುದಿಲ್ಲ ಎಂದನಂತೆ. ಮಾದರಿಗೆ ಇಟ್ಟುಕೊಂಡಿದ್ದ ಕೊಳವೆಗಳನ್ನು ಬಾಯಿಂದ ಊದಿಯೂ ತೋರಿಸಿದನಂತೆ.

"ಅದ್ಹೆಂಗ ಮಾವ? ಕೊಳವಿ ಅಂದ್ರ ಕೊಳವಿ, ಗಾಳಿ ಅಂದ್ರ ಗಾಳಿ."

"ಮನಿಗೊಬ್ಬ ಯಜಮಾನ ಇರ್ತಾನಲ್ಲೋ, ಎಲ್ಲಾರೂ ಒಂದ ನಮೂನಿ ಮಾತಾಡ್ತಾರೇನು?" ಅಂದ ಮಾವ. "ಇಂಗ್ಲಿಷ್ ಯಜಮಾನ ಉಂಡು ಕುಂತು ಮಾತಾಡಿದಂಗ. ದುಂಡಗ, ಹೊಟ್ಟಿ ತುಂಬಿದ ದನಿ. ಜರ್ಮನ್ ಯಜಮಾನ ಖಡಕ್. ಅಂವ ಬಾಯಿ ತಗದ್ರ ಹಿಂದಿನ ಸಾಲಿನ ಕಿವುಡಗೂ ಕೇಳಸ್ತೈತಿ. ಪ್ಯಾರಿಸ್ಸಿನಾಂವ ನಯ, ತುಸು ಮೂಗಿನ್ಯಾಗ. ಇಟಲಿಯಾಂವ ಇನ್ನೂ ಮೆತ್ತಗಂತ, ಹಾಡಿದಂಗ ಮಾತಾಡ್ತಾನಂತ. ಅವನ್ನ ಕೇಳೋ ಪುಣ್ಯ ನನಗಿಲ್ಲ."

ಕೊಳವೆ ತರುವುದು ಎಲ್ಲಿಂದ? ಆ ಗುಣಗಳನ್ನೇ ಹಿತ್ತಾಳೆ ನಾಲಗೆಯಲ್ಲಿ ಹುಡುಕಿ, ಊರೂರು ಅಲೆದು ಕೂಡಿಸಿದ್ದಾನೆ ಪುಣ್ಯಾತ್ಮ.

ಕಂಪನಿಯಲ್ಲಿ ಇವಕ್ಕೆ ಬೇರೆ ಹೆಸರಿಲ್ಲ. "ಜರ್ಮನ್ ತಗೀರಿ, ಪ್ಯಾರಿಸ್ ಮುಚ್ರಿ." ಅಷ್ಟೇ. ಶ್ರುತಿ ಇಳಿದರೆ "ಬಿದ್ದೈತಿ" ಅನ್ನುತ್ತಾರೆ. ಕುಷ್ಟಗಿಯ ಒಣ ಹವೆಯಲ್ಲಿ ನೆಟ್ಟಗಿದ್ದ ಪ್ಯಾರಿಸ್ ಗಂಗಾವತಿಯ ಗದ್ದೆಗಳ ತಂಪಿಗೆ ಬಿತ್ತು. ಮಧ್ಯಾಹ್ನದ ತಾಲೀಮಿನಲ್ಲಿ ಅದನ್ನೇ ಕೂಗಿ ಹೇಳಿದವಳು ಚಂದ್ರವ್ವ. ಕಂಪನಿಯ ಹಿರಿಯ ನಟಿ, ಹಾಡಿಗೆ ಹೆಸರಾದವಳು.

ಮಾವ ಪೆಟ್ಟಿಗೆಯೊಳಗೆ ತಲೆ ತೂರಿಸಿದ್ದ. ಅಲ್ಲಿಂದಲೇ ಒದರಿದ. "ಬಿದ್ರ ಬೀಳ್ಲಿ ಬಿಡವ್ವಾ! ಜರ್ಮನ್ ಗಟ್ಟಿ ಅದಾನಲ್ಲ! ಇವತ್ತ ಇಂಗ್ಲಿಷನ ಬಾಯಿ ಮುಚ್ಚಿಸಿ ಜರ್ಮನ್ ಒಬ್ಬನ್ನ ಬಿಡ್ತೀನಿ. ಊರಿಗೂರ ಕೇಳ್ಲಿ!"

ತಟ್ಟಿಯ ಆಚೆ ಪೊಲೀಸ್ ಜವಾನನೊಬ್ಬ ಫ್ರೀ ಪಾಸಿಗೆ ಕಾದು ನಿಂತಿದ್ದ. ಪಾಸು ಬಿಟ್ಟು ಓಡಿದ. ಇವನಿಗೇನಾಯಿತು ಎಂದು ನಾವು ನಕ್ಕೆವು.

ನಗು ಬಾಯಲ್ಲಿ ಇರುವಾಗಲೇ ಅಮೀನ್ ಸಾಹೇಬರು ಬಂದರು. ನಮ್ಮ ನಿಜಾಮ್ ಸೀಮೆಯಲ್ಲಿ ಠಾಣೆಯ ದೊಡ್ಡವರು ಇವರೇ. (ಹೆಸರು ಬರೆಯುವುದಿಲ್ಲ. ನನಗೂ ಹೆಂಡತಿ ಮಕ್ಕಳಿದ್ದಾರೆ.) ನಾಟಕವೆಂದರೆ ಅವರಿಗೆ ಪ್ರಾಣ. ದಿನಾ ಮುಂದಿನ ಕುರ್ಚಿ ಅವರದೇ. ಅಂದು ಮಾತ್ರ ಮುಖ ಕೆಂಪಗಿತ್ತು. ನೇರ ಮಾವನ ಎದುರಿಗೆ ಬಂದು ನಿಂತರು.

"ಪ್ಯಾರಿಸ್ ಬಿದ್ದ ಖಬರ್ ರೇಡಿಯೋದಾಗ ನನಗ ಈಗ ಗೊತ್ತಾಗೇದ. ನಿನಗ ಯಾರು ಹೇಳಿದ್ರು?"

"ಚಂದ್ರವ್ವ ಹೇಳಿದ್ಲರಿ."

"ಆಕಿಗ್ಯಾರು ಹೇಳಿದ್ರು?"

"ಹೇಳೋದೇನೈತ್ರಿ ಸಾಹೇಬ್ರ, ಕಿವಿಗೆ ಕೇಳಸ್ತೈತಲ್ಲ!"

ಶಿವನೇ! ಆಗ ತಿಳಿಯಿತು ನನಗೆ. ಅತ್ತ ಯುರೋಪಿನಲ್ಲಿ ನಿಜವಾದ ಪ್ಯಾರಿಸ್ ಜರ್ಮನರ ಕೈಗೆ ಬಿದ್ದಿದೆ! ಪೇಪರು ಇನ್ನೂ ನಮ್ಮ ಕೈಗೆ ಬಂದಿಲ್ಲ, ಮಾವ ಥೇಟರಿನಲ್ಲಿ ಕುಳಿತು ಡಂಗುರ ಹೊಡೆದಿದ್ದಾನೆ. ಮೇಲೆ ಇಂಗ್ಲಿಷರ ಬಾಯಿ ಮುಚ್ಚಿಸುವ ಮಾತು ಬೇರೆ!

"ಪೆಟ್ಟಿಗಿ ತಗೀರಿ. ಒಳಗ ವೈರ್‌ಲೆಸ್ ಐತಿ" ಅಂದರು ಸಾಹೇಬರು.

ತೆಗೆದರು. ಸಾಲುಸಾಲು ಹಿತ್ತಾಳೆ. ಒಂದು ಪಟ್ಟಿಯ ಮೇಲೆ 'ಮೇಡ್ ಇನ್ ಜರ್ಮನಿ'. ಮುಗಿಯಿತಲ್ಲ ಕಥೆ.

ನಾನು ಮುಂದೆ ಹೋದೆ. "ಸಾಹೇಬರೇ, ಇದು ಸ್ವರದ ಹೆಸರು. ನಾನು ಪೇಪರಿಗೆ ಬರೆಯುವವನು, ನನ್ನ ಮಾತು..."

"ಪೇಪರಿನವರಾ? ಹಂಗಾದ್ರ ನೀವೂ ನಡೀರಿ."

ನಾನು ಹಿಂದಕ್ಕೆ ಸರಿದೆ. (ನಗಬೇಡಿ. ನೀವಿದ್ದರೂ ಸರಿಯುತ್ತಿದ್ದಿರಿ.)

ಅಲ್ಲ, ನಾನು ಕೇಳುತ್ತೇನೆ, ನಮ್ಮ ಊರುಗಳಲ್ಲಿ ಅಲ್ಯೂಮಿನಿಯಂ ಬೋಗುಣಿಗೆ ಏನನ್ನುತ್ತಾರೆ? ಜರ್ಮನ್ ಪಾತ್ರೆ. ಕೊಪ್ಪಳದ ಭಾಗ್ಯನಗರದಿಂದ ಕಾರಟಗಿಯವರೆಗೆ ಯಾವ ಮನೆಯಲ್ಲಿ ಅದಿಲ್ಲ? ಹೆಂಗಸರೆಲ್ಲ ಮುಂಜಾನೆ ಎದ್ದು ಜರ್ಮನ್ ತಿಕ್ಕುತ್ತಾರೆ. ಅವರನ್ನೂ ಹಿಡಿದೊಯ್ಯುತ್ತೀರಾ? ಯುದ್ಧ ಎಲ್ಲೋ ನಡೆದಿದೆ. ಬ್ಲೇಡು ತುಟ್ಟಿಯಾಯಿತು, ಸೂಜಿ ತುಟ್ಟಿಯಾಯಿತು, ಸಹಿಸಿಕೊಂಡೆವು. ಇನ್ನು ಬಾಯಿಮಾತೂ ತುಟ್ಟಿಯಾದರೆ ಬಡವರು ಬದುಕುವುದು ಹೇಗೆ? ಇದೆಲ್ಲ ಈಗ ಹೊಳೆಯುತ್ತಿದೆ. ಆಗ ನಾನು ಎಲ್ಲರ ಹಿಂದೆ ಹೋಗಿ ನಿಂತಿದ್ದೆ.

ಕಂಪನಿಯ ಮಾಲೀಕರು ಕೈಕಾಲು ಹಿಡಿದ ಮೇಲೆ ಸಾಹೇಬರು ತುಸು ಇಳಿದರು. "ಸರಿ. ಜರ್ಮನ್ ತಗದು ನನ್ನ ಕೈಗೆ ಕೊಡು. ಇಲ್ಲಾ ನೀ ನಡಿ."

ನಮಗೆಲ್ಲ ಹೋದ ಜೀವ ಬಂದಿತು. ಮಾವ ಹೆಗಲಿನ ಟವೆಲ್ಲು ಕೊಡವಿ ಎದ್ದ.

"ನಡೀರಿ" ಅಂದ.

ಏನು? ನನ್ನ ಕಿವಿ ಕೆಟ್ಟಿತೇ ಅನ್ನಿಸಿತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು, ಅಡ್ಡ ಕೈ ಹಿಡಿದಳು.

"ಏನಂದ್ರಿ? ಆ ಹಿತ್ತಾಳಿ ತುಣುಕಿನ ಸಲುವಾಗಿ ಜೇಲಿಗೆ ಹೋಗ್ತೀರಿ? ಹಂಗಾದ್ರ ನಾವ್ಯಾರು ನಿಮಗ?"

ಮಾವ ಅವಳ ಹತ್ತಿರ ಹೋಗಿ ಸಣ್ಣ ದನಿಯಲ್ಲಿ ಹೇಳಿದ. "ಯುದ್ಧ ಮುಗಿಯೂತನಕ ಇನ್ನೊಂದು ಸಿಗಂಗಿಲ್ಲ. ಚಂದ್ರವ್ವನ ದನಿ ಮೊದಲಿನಂಗ ಉಳಿದಿಲ್ಲ. ಆಕಿ ಮ್ಯಾಲಿನ ಸ್ವರಕ್ಕ ಹೋದಾಗ ಕೈ ಹಿಡದು ಒಯ್ಯೋದು ಅದ ಒಂದು. ಅದೂ ಇಲ್ಲಂದ್ರ ಆಕಿನ್ನ ಕಂಪನ್ಯಾಗ ಯಾರು ಇಟಗೋತಾರ?"

ಸಣ್ಣ ದನಿಯೇ ಆದರೂ ಎಲ್ಲರಿಗೂ ಕೇಳಿಸಿತು. ಚಂದ್ರವ್ವನಿಗೂ ಕೇಳಿಸಿತು. ಅವಳ ಮುಖ ನೋಡಲಾಗಲಿಲ್ಲ ನನಗೆ. ತನ್ನ ಕಂಠ ಹೋಗಿದೆ ಎಂದು ಮಂದಿಯೆದುರು, ಪೊಲೀಸರೆದುರು ಕೇಳಿಸಿಕೊಳ್ಳುವ ಕರ್ಮ ಯಾವ ಹಾಡುವವಳಿಗೂ ಬೇಡ.

ಅವಳು ಸ್ಟೇಜಿನಿಂದ ಇಳಿದು ಬಂದಳು. "ತಗದು ಕೊಡ್ರಿ ಮಾಸ್ತರ. ನನ್ನ ಸಲುವಾಗಿ ನಿಮ್ಮ ಹೆಂಡತಿ ಅಳೂದು ಬ್ಯಾಡ. ನಾ ಹೆಂಗರ ಹಾಡತೀನಿ."

ಮಾವ ಬಗ್ಗಿ ಕುಳಿತ. ತಿರುಪು ಒಂದೊಂದಾಗಿ ಬಿಚ್ಚಿ, ಸಾಲಿಗೆ ಸಾಲೇ ಎತ್ತಿ, ಟವೆಲ್ಲಿನಲ್ಲಿ ಸುತ್ತಿ ಕೊಟ್ಟ. ಜವಾನ ಅದನ್ನು ಚೇಳು ಹಿಡಿದ ಹಾಗೆ ಹಿಡಿದುಕೊಂಡು ಹೋದ. ಮಾವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ಅಂದೇ ಮೊದಲು ನೋಡಿದ್ದು.

ಆ ದಿನದ ಆಟ ನಡೆಯಿತು. ಅಮೀನ್ ಸಾಹೇಬರು ಎಂದಿನಂತೆ ಮುಂದಿನ ಕುರ್ಚಿಯಲ್ಲಿ. ಎರಡನೇ ಅಂಕದಲ್ಲಿ ಚಂದ್ರವ್ವನ ದೊಡ್ಡ ಹಾಡು. ಬಿದ್ದ ಪ್ಯಾರಿಸ್ ಮುಚ್ಚಿ ಮಾವ ಇಂಗ್ಲಿಷ್ ಒಂದನ್ನೇ ನುಡಿಸಿದ. ದುಂಡಗೆ, ಇಂಪಾಗಿಯೇ ಇತ್ತು. ಆದರೆ ಆ ದುಂಡು ದನಿ ಅವಳನ್ನು ಸುತ್ತಿಕೊಂಡಿತೇ ಹೊರತು ಮೇಲಕ್ಕೆ ಎತ್ತಲಿಲ್ಲ. ಮೇಲಿನ ಸ್ವರದಲ್ಲಿ ಅವಳು ತಡವರಿಸಿದಳು. ಮತ್ತೆ ಹಿಡಿಯಲು ನೋಡಿದಳು. ದನಿ ಒಡೆಯಿತು.

ಹಿಂದಿನಿಂದ ಸಿಳ್ಳೆ ಬಿತ್ತು. ಅದರ ಹಿಂದಿನ ವಾರ ಇದೇ ಮಂದಿ ಇದೇ ಹಾಡಿಗೆ ಒನ್ಸ್ ಮೋರ್ ಅಂದಿದ್ದರಂತೆ! ಹೆಂಗಸರ ಕಡೆ ಕುಳಿತಿದ್ದ ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಟ ಮುಗಿದ ಮೇಲೆ ಮಾಲೀಕರು ಮಾವನ ಹತ್ತಿರ ಬಂದು, "ಬ್ಯಾರೆ ಹಾಡಾಕಿನ್ನ ನೋಡಬೇಕಾಗೇತಿ" ಅಂದರು. ಚಂದ್ರವ್ವ ಬಣ್ಣ ಒರೆಸಿಕೊಳ್ಳುತ್ತ ಅಲ್ಲೇ ಕುಳಿತಿದ್ದಳು.

ಮರುದಿನ ಮುಂಜಾನೆ ನಾನೂ ಮಾವನೂ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದೆವು. ಅಮೀನ್ ಸಾಹೇಬರ ಟಾಂಗಾ ಬಂದು ನಿಂತಿತು. ಇನ್ನೇನು ಗ್ರಹಚಾರವಪ್ಪಾ ಎಂದು ನಾನು ಎದ್ದು ನಿಂತೆ. ಸಾಹೇಬರು ಮಾತ್ರ ಬೆಂಚಿನ ಮೇಲೆ ಮಾವನ ಪಕ್ಕದಲ್ಲೇ ಕುಳಿತರು. ಸಿಟ್ಟಿಲ್ಲ, ಗತ್ತಿಲ್ಲ. ಮುಖ ಸಪ್ಪಗಿತ್ತು.

"ಕ್ಯಾ ಮಾಸ್ಟರ್, ನಿನ್ನೆ ಏನಾಗಿತ್ತು? ಮಜಾ ಬರ್ಲಿಲ್ಲ. ನಿಮ್ಮ ಪೆಟ್ಟಿಗಿಯೊಳಗ ಒಂದು ಖಡಕ್ ಆವಾಜ್ ಇತ್ತಲ್ಲ, ನಾ ದಿನಾ ಬರೂದ ಅದನ್ನ ಕೇಳಾಕ. ಅದು ಎಲ್ಲಿ ಹೋತು?"

ಕುಚೋದ್ಯ ಮಾಡುತ್ತಿದ್ದಾರೇನೋ ಎಂದು ಅವರ ಮುಖ ನೋಡಿದೆ. ಇಲ್ಲ ಸ್ವಾಮಿ. ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ!

ಮಾವ ಚಹಾದ ಬಸಿ ಕೆಳಗಿಟ್ಟ.

"ನಿಮ್ಮ ಲಾಕಪ್ಪಿನ್ಯಾಗ ಐತ್ರಿ, ಸಾಹೇಬ್ರ."